ಲಕೋಟೆಯಲ್ಲಿ ಬಂದ ಕನ್ನಡಕ, ಕೈತಪ್ಪಿದ ಖಡ್ಗ

2020ರ ಆಗಸ್ಟ್. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಒಂದು ಹರಾಜು ಸಂಸ್ಥೆಯವರು ಸೋಮವಾರ ಬೆಳಿಗ್ಗೆ ಬಂದು ನೋಡ್ತಾರೆ, ಬಾಗಿಲ ಅಂಚೆಪೆಟ್ಟಿಗೆಯಿಂದ ಒಂದು ಲಕೋಟೆ ಅರ್ಧ ಹೊರಗೆ ನೇತಾಡ್ತಾ ಇದೆ. ಒಳಗೆ ಚಿನ್ನದ ಲೇಪದ ದುಂಡು ಕನ್ನಡಕ. ಜೊತೆಗೆ ಒಂದು ಚೀಟಿ: ಇದು ಗಾಂಧೀಜಿಯದು, ಫೋನ್ ಮಾಡಿ ಅಂತ.

ಕೊಟ್ಟಿದ್ದು ಒಬ್ಬ ವೃದ್ಧರು. ಬೆಲೆಯಿಲ್ಲದಿದ್ರೆ ಬಿಸಾಕಿಬಿಡಿ ಅಂದಿದ್ದರಂತೆ! 15,000 ಪೌಂಡ್ ಬರಬಹುದು ಅಂದಾಗಲೇ ಅವರಿಗೆ ಎದೆ ಧಸಕ್ಕೆಂದಿತ್ತು. ಹರಾಜಿನಲ್ಲಿ ಹೋಗಿದ್ದು 2,60,000 ಪೌಂಡ್‌ಗೆ, ಅಂದರೆ ಆಗಿನ ಲೆಕ್ಕದಲ್ಲಿ ಎರಡೂವರೆ ಕೋಟಿ ರೂಪಾಯಿ.

ಅದು ಗಾಂಧೀಜಿಯದೇ ಅಂತ ಏನು ಗ್ಯಾರಂಟಿ? ಆ ವೃದ್ಧರ ಮನೆಯವರೊಬ್ಬರು 1910ರ ನಂತರದ ವರ್ಷಗಳಲ್ಲಿ ದಕ್ಷಿಣ ಆಫ್ರಿಕದಲ್ಲಿ ಕೆಲಸದಲ್ಲಿದ್ದರು. ಗಾಂಧೀಜಿ ಅಲ್ಲಿಂದ ಹೊರಟಿದ್ದು 1914ರಲ್ಲಿ. ತಾಳೆ ಆಯ್ತು. ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋ ಈ ಜಾಡಿಗೆ ಹರಾಜಿನವರು ಪ್ರೊವೆನೆನ್ಸ್ ಅಂತಾರೆ. ಜಾಡು ಸಿಗದಿದ್ರೆ ಅದು ಬರೀ ಹಳೇ ಕನ್ನಡಕ.

ಕೆಲವು ಜಾಡುಗಳಿಗೆ ರಕ್ತ ಅಂಟಿರುತ್ತೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಶಯನಗೃಹದ ಖಡ್ಗವನ್ನು ಸೇನಾಧಿಕಾರಿ ಡೇವಿಡ್ ಬೇರ್ಡ್‌ಗೆ ಬಹುಮಾನವಾಗಿ ಕೊಟ್ಟರು. ಅದೇ ಬೇರ್ಡ್ ಹಿಂದೆ ಅದೇ ಊರಿನಲ್ಲಿ ಸುಮಾರು ನಾಲ್ಕು ವರ್ಷ ಸೆರೆಯಲ್ಲಿದ್ದವನು! 2023ರ ಮೇನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಆ ಖಡ್ಗಕ್ಕೆ 15ರಿಂದ 20 ಲಕ್ಷ ಪೌಂಡ್ ಅಂದಾಜಿತ್ತು. ಬಂದಿದ್ದು 1.4 ಕೋಟಿ ಪೌಂಡ್. ರೂಪಾಯಿಯಲ್ಲಿ 140 ಕೋಟಿ ದಾಟಿತು. ನೂರು ವರ್ಷ ಮೀರಿದ ಪುರಾವಸ್ತು ದೇಶ ಬಿಟ್ಟು ಹೋಗದಂತೆ ತಡೆಯಲು ನಮ್ಮಲ್ಲಿ 1972ರ ಕಾಯ್ದೆಯಿದೆ ನಿಜ. ಆದರೆ ಇನ್ನೂರು ವರ್ಷದ ಹಿಂದೆಯೇ ಹಡಗು ಹತ್ತಿದ್ದನ್ನ ಅದು ಏನು ಮಾಡೀತು?

ಹಾಗಾದ್ರೆ ದುಡ್ಡಿದ್ದವರು ಕೊಂಡು ತರಲಿ ಬಿಡಿ ಅಂತೀರಾ? ನಾವೂ ಹಾಗೇ ಅಂದುಕೊಂಡಿದ್ವಿ. ಟಿಪ್ಪುವಿನದೇ ಇನ್ನೊಂದು ಖಡ್ಗವನ್ನು ವಿಜಯ್ ಮಲ್ಯ ಕೊಂಡ ಸುದ್ದಿ 2004ರಲ್ಲಿ ಹೊರಬಿದ್ದಾಗ ಬೆಂಗಳೂರಲ್ಲಿ ಎಷ್ಟು ಸಂಭ್ರಮ! 2009ರಲ್ಲಿ ನ್ಯೂಯಾರ್ಕ್‌ನಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರ, ತಟ್ಟೆ, ಬಟ್ಟಲುಗಳನ್ನ 18 ಲಕ್ಷ ಡಾಲರ್‌ಗೆ ಕೊಂಡವರೂ ಅವರೇ. ಆ ಖಡ್ಗ ಈಗ ಅವರ ಬಳಿ ಇಲ್ಲ, ಯಾರಿಗೋ ಕೊಟ್ಟಾಗಿದೆ ಅನ್ನೋದು 2018ರಲ್ಲಿ, ಬ್ಯಾಂಕ್ ಸಾಲದ ಕೇಸು ಲಂಡನ್ ಕೋರ್ಟಿನಲ್ಲಿದ್ದಾಗ ಗೊತ್ತಾಯಿತು. ಒಬ್ಬರ ಮನೆಯ ಗೋಡೆಗೆ ಹೋದ ಚರಿತ್ರೆಯ ಕತೆ ಇಷ್ಟೇ ನೋಡಿ, ಅವರ ಕಾಲ ಚೆನ್ನಾಗಿದ್ದರೆ ಅದೂ ಚೆನ್ನಾಗಿರುತ್ತೆ.

ನನಗೆ ಹಿಡಿಸಿದ್ದು 2012ರ ಒಂದು ಸದ್ದಿಲ್ಲದ ವ್ಯವಹಾರ. ಗಾಂಧೀಜಿ ಮತ್ತು ಅವರ ಆಪ್ತ ಗೆಳೆಯ ಹರ್ಮನ್ ಕಾಲೆನ್‌ಬಾಕ್‌ಗೆ ಸಂಬಂಧಿಸಿದ ಪತ್ರಗಳನ್ನು ಲಂಡನ್ನಿನ ಸದಬೀಸ್ ಹರಾಜಿಗಿಡುವುದರಲ್ಲಿತ್ತು. ಭಾರತ ಸರ್ಕಾರ ಮೊದಲೇ ಮಾತಾಡಿ, ಸುಮಾರು 7 ಲಕ್ಷ ಪೌಂಡ್ ಕೊಟ್ಟು ಅಷ್ಟನ್ನೂ ತಗೊಂಡಿತು. ಪೈಪೋಟಿಯಿಲ್ಲ, ಟೀವಿ ಗದ್ದಲವಿಲ್ಲ. ಆ ಪತ್ರಗಳು ಹೋಗಿದ್ದು ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ.