ಡಬಲ್ಸ್ ಎಂದರೆ ಎರಡನೇ ದರ್ಜೆಯೇ?

ಟೆನಿಸ್ ಸಿಂಗಲ್ಸ್‌ನಲ್ಲಿ ಗೆಲ್ಲಲಾಗದವರು ಡಬಲ್ಸ್‌ಗೆ ಹೋಗುತ್ತಾರೆ ಎಂಬ ಮಾತಿದೆ. ಕೊಡಗಿನ ರೋಹನ್ ಬೋಪಣ್ಣ ಸಿಂಗಲ್ಸ್‌ನಲ್ಲಿ ಮೊದಲ 200ರೊಳಗೆ ಬರಲಿಲ್ಲ, ಒಪ್ಪೋಣ. ಆದರೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಬೋಪಣ್ಣ–ಸಾನಿಯಾ ಮಿರ್ಜಾ ಕೈಯಿಂದ ಕಂಚು ಕಸಿದ ಜೋಡಿಯಲ್ಲಿದ್ದ ಜೆಕ್ ಆಟಗಾರ ರಾಡೆಕ್ ಸ್ಟೆಪಾನೆಕ್ ಅವರನ್ನು ನೋಡಿ. ಸಿಂಗಲ್ಸ್‌ನಲ್ಲಿ ವಿಶ್ವದ 8ನೇ ಸ್ಥಾನಕ್ಕೇರಿದ್ದವರು. ಆದರೂ ಅವರ ಗ್ರ್ಯಾನ್‌ಸ್ಲಾಮ್ ಕಿರೀಟಗಳೆರಡೂ ಬಂದದ್ದು ನಮ್ಮ ಲಿಯಾಂಡರ್ ಪೇಸ್ ಜೊತೆಗಿನ ಡಬಲ್ಸ್‌ನಲ್ಲೇ. ಅಂದಮೇಲೆ ಇದರ ವಿದ್ಯೆಯೇ ಬೇರೆ. ಭಾಗ್ಯನಗರದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಾಸು ಎಷ್ಟೇ ಗಟ್ಟಿಯಿದ್ದರೂ ಹೊಕ್ಕು ಸೇರದೆ ಸೀರೆಯಾಗದು. ಬೋಪಣ್ಣನವರ ಸರ್ವ್ ಸಿಡಿಯುವ ಹೊತ್ತಿಗೆ ಜೊತೆಗಾರ ನೆಟ್ ಬಳಿ ಸಜ್ಜಾಗಿರಬೇಕಿತ್ತು. ಅರೆಕ್ಷಣ ತಡವಾದರೆ ಚೆಂಡು ಇಬ್ಬರ ನಡುವೆ ನುಸುಳುತ್ತಿತ್ತು.

ಅರ್ಧ ಅಂಗಳ ಕಾಯುವ ಆಟ, ವಯಸ್ಸಾದವರಿಗೂ ಸಲೀಸು ಎನ್ನುವವರಿದ್ದಾರೆ. ಓಟ ಕಡಿಮೆ, ನಿಜ. ಚೆಂಡಿಗೆ ಉತ್ತರಿಸಲು ಸಿಗುವ ಸಮಯವೂ ಅಷ್ಟೇ ಕಡಿಮೆ. ಸವೆದ ಮೊಣಕಾಲುಗಳನ್ನು ಅಯ್ಯಂಗಾರ್ ಯೋಗದಿಂದ ಹದಕ್ಕೆ ತಂದುಕೊಂಡೇ ಬೋಪಣ್ಣ ಆಡಿದರು. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಆದಾಗ ಅವರಿಗೆ 43 ವರ್ಷ. ಅಷ್ಟು ವಯಸ್ಸಿನಲ್ಲಿ ಮೊದಲ ಬಾರಿ ಆ ಪಟ್ಟಕ್ಕೇರಿದವರು ಬೇರೆ ಯಾರೂ ಇಲ್ಲ. 2025ರ ನವೆಂಬರ್‌ನಲ್ಲಿ ಅವರು ನಿವೃತ್ತಿ ಘೋಷಿಸಿದರು.