ದಿಢೀರ್ ತಲೆಸುತ್ತು: ಗಾಬರಿ ಬೇಡ, ಹಾಗಂತ ಕಡೆಗಣಿಸಲೂ ಬೇಡಿ, ಕಾರಣ ಪತ್ತೆ ಮಾಡೋದು ಹೀಗೆ

ಅಂಗಡಿಯಲ್ಲಿ ಮೇಲಿನ ಶೆಲ್ಫಿನಿಂದ ಸೋಪಿನ ಬಾಕ್ಸ್ ತೆಗೆಯೋಕೆ ಅಂತ ತಲೆ ಎತ್ತಿದ್ದೇ ತಡ, ಇಡೀ ಅಂಗಡಿ ಗಿರ್ರನೆ ತಿರುಗಿದ ಹಾಗಾಗುತ್ತದೆ. ಕೆಲವರಿಗೆ ಬೆಳಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಮನೆಯ ಸೂರೇ ಸುತ್ತುತ್ತದೆ. ಇನ್ನು ಕೆಲವರಿಗೆ ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ. ಇವೆಲ್ಲಕ್ಕೂ ನಾವು ಹೇಳೋ ಹೆಸರು ಒಂದೇ, ತಲೆಸುತ್ತು. ಮಾಡೋ ಮದ್ದೂ ಹೆಚ್ಚುಕಡಿಮೆ ಒಂದೇ. ಪಿತ್ತ ಜಾಸ್ತಿ ಆಗಿದೆ ಅಂತ ನಿಂಬೆ ಪಾನಕ, ಬಿಪಿ ಇರಬೇಕು ಅಂತ ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ, ಇಲ್ಲಾಂದ್ರೆ ಕ್ಲಿನಿಕ್‌ನಲ್ಲಿ ಒಂದು ಬಾಟಲಿ ಗ್ಲುಕೋಸ್.

ಆದರೆ ತಲೆಸುತ್ತು ಅನ್ನೋದು ಒಂದು ಕಾಯಿಲೆ ಅಲ್ಲ, ಲಕ್ಷಣ. ಅದರ ಹಿಂದೆ ಕಿವಿ ಇರಬಹುದು, ಬಿಪಿ, ಶುಗರ್, ರಕ್ತಹೀನತೆ ಇರಬಹುದು, ಹೃದಯ ಅಥವಾ ಮೆದುಳೂ ಇರಬಹುದು. ಕೆಲವಕ್ಕೆ ಐದು ನಿಮಿಷದ ಚಿಕಿತ್ಸೆ ಸಾಕು. ಕೆಲವಕ್ಕೆ ಒಂದು ಗಂಟೆ ತಡವಾದರೂ ಜೀವಕ್ಕೇ ಕುತ್ತು.

ಇವು ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ

ತಲೆಸುತ್ತಿನ ಜೊತೆ ಕೆಳಗಿನ ಯಾವುದಾದರೂ ಒಂದು ಕಂಡರೂ ಮನೆಮದ್ದು, ಮಾತ್ರೆ ಅಂತ ಕಾಯಬೇಡಿ.

- ಮಾತು ತೊದಲುವುದು, ಬಾಯಿ ಒಂದು ಕಡೆ ಸೊಟ್ಟಗಾಗುವುದು
- ಒಂದು ಕಡೆಯ ಕೈ ಅಥವಾ ಕಾಲಿನ ಬಲ ಹೋಗುವುದು, ಮರಗಟ್ಟುವುದು
- ಒಂದು ವಸ್ತು ಎರಡಾಗಿ ಕಾಣುವುದು, ನುಂಗಲು ಕಷ್ಟವಾಗುವುದು
- ಹಿಂದೆಂದೂ ಬಾರದಷ್ಟು ಜೋರು ತಲೆನೋವು ಅಥವಾ ದಿಢೀರ್ ಕುತ್ತಿಗೆ ನೋವು
- ಹಿಡಿದುಕೊಂಡರೂ ನಿಲ್ಲಲು, ನಡೆಯಲು ಆಗದೇ ಇರುವುದು
- ಎದೆನೋವು, ಎದೆ ಬಡಿತದಲ್ಲಿ ಏರುಪೇರು, ಪ್ರಜ್ಞೆ ತಪ್ಪುವುದು

ಮೊದಲ ಐದು ಲಕ್ವದ, ಅಂದರೆ ಸ್ಟ್ರೋಕ್‌ನ ಸೂಚನೆ ಆಗಿರಬಹುದು. ರಕ್ತದ ಗಡ್ಡೆ ಕಟ್ಟಿ ಆದ ಸ್ಟ್ರೋಕ್‌ಗೆ ಗಡ್ಡೆ ಕರಗಿಸೋ ಇಂಜೆಕ್ಷನ್ ಇದೆ. ಆದರೆ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಅದನ್ನು ಕೊಡಬೇಕು. ತಾಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಹೋಗೋ ಸಮಯವೂ ಇದರಲ್ಲೇ ಸೇರುತ್ತದೆ. ಆದ್ದರಿಂದ ಎಷ್ಟು ಗಂಟೆಗೆ ಶುರುವಾಯ್ತು ಅನ್ನೋದನ್ನು ಗಡಿಯಾರ ನೋಡಿ ನೆನಪಿಟ್ಟುಕೊಳ್ಳಿ, ಡಾಕ್ಟರಿಗೆ ಮೊದಲು ಅದನ್ನೇ ಹೇಳಿ.

ಇನ್ನೊಂದು ಮಾತು. ಮೆದುಳಿನ ಹಿಂಭಾಗದಲ್ಲಿ ಆಗೋ ಸ್ಟ್ರೋಕ್ ಮೊದಲ ದಿನ ಸಿಟಿ ಸ್ಕ್ಯಾನ್‌ನಲ್ಲಿ ಕಾಣದೇ ಹೋಗಬಹುದು. ಸ್ಕ್ಯಾನ್ ನಾರ್ಮಲ್ ಬಂತು ಅಂತ ಮನೆಗೆ ಬಂದ ಮೇಲೂ ನಡಿಗೆ ತೂರಾಡುತ್ತಿದ್ದರೆ ಮತ್ತೆ ಆಸ್ಪತ್ರೆಗೆ ಹೋಗಲೇಬೇಕು.

ತಲೆ ತಿರುಗಿದ ಆ ಕ್ಷಣ ಏನು ಮಾಡಬೇಕು?

ನಿಂತಿದ್ದರೆ ಅಲ್ಲೇ ನೆಲದ ಮೇಲಾದರೂ ಕೂತುಬಿಡಿ. ನಾಲ್ಕು ಜನ ನೋಡ್ತಾರೆ ಅನ್ನೋ ಸಂಕೋಚ ಬೇಡ. ತಲೆಸುತ್ತಿಗಿಂತ ಬಿದ್ದು ಸೊಂಟ ಮುರಿದುಕೊಳ್ಳೋದು ದೊಡ್ಡ ಕಷ್ಟ, ಅದರಲ್ಲೂ ವಯಸ್ಸಾದವರಿಗೆ. ಎದುರಿಗಿರೋ ಕಂಬವೋ ಬಾಗಿಲೋ ಯಾವುದಾದರೂ ಒಂದು ಅಲುಗಾಡದ ವಸ್ತುವನ್ನು ದಿಟ್ಟಿಸಿ ನೋಡಿ. ಬೈಕ್ ಓಡಿಸ್ತಾ ಇದ್ದರೆ ಪಕ್ಕಕ್ಕೆ ನಿಲ್ಲಿಸಿ. ವಾಂತಿ ಬರುವಂತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಬೆವರ್ತಾ ನಡುಗ್ತಾ ಇದ್ದರೆ ಶುಗರ್ ಇಳಿದಿರಬಹುದು. ಗ್ಲುಕೋಮೀಟರ್ ಇದ್ದರೆ ನೋಡಿ, 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಮೆಷಿನ್ ಇಲ್ಲದಿದ್ದರೆ ಅದಕ್ಕಾಗಿ ಕಾಯದೆ ಸಕ್ಕರೆ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ನೀರು, ಸಕ್ಕರೆ ಯಾವುದನ್ನೂ ಹಾಕಬೇಡಿ.

ಎಷ್ಟು ಹೊತ್ತು? ಏನು ಮಾಡಿದಾಗ?

ಕಾರಣ ಪತ್ತೆ ಮಾಡೋಕೆ ಈ ಎರಡು ಪ್ರಶ್ನೆಗಳೇ ಅರ್ಧ ದಾರಿ.

- ಮಲಗುವಾಗ, ಮಗ್ಗುಲು ಬದಲಿಸುವಾಗ, ತಲೆ ಎತ್ತಿದಾಗ ಬಂದು ಒಂದು ನಿಮಿಷದೊಳಗೆ ನಿಂತರೆ: ಹೆಚ್ಚಾಗಿ ಒಳಕಿವಿಯ ಹರಳಿನ ಸಮಸ್ಯೆ.
- ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲೆ ಬಂದರೆ: ಹೆಚ್ಚಾಗಿ ಬಿಪಿ ಇಳಿದಿರುತ್ತದೆ.
- ಇಪ್ಪತ್ತು ನಿಮಿಷದಿಂದ ಹಲವು ಗಂಟೆ ಇದ್ದು, ಕಿವಿ ಕಟ್ಟಿದ ಹಾಗೆ, ಗುಂಯ್ ಅಂದ ಹಾಗೆ ಆಗಿ, ಕೇಳಿಸೋದು ಕಡಿಮೆ ಆದರೆ: ಮೆನಿಯರ್ ಕಾಯಿಲೆ ಇರಬಹುದು.
- ಬಿಡುವಿಲ್ಲದೆ ದಿನಗಟ್ಟಲೆ ಸುತ್ತಿ, ವಾಂತಿ ಆಗ್ತಾ ಇದ್ದರೆ: ಸಮತೋಲನದ ನರದ ಊತ ಇರಬಹುದು. ಸ್ಟ್ರೋಕ್ ಕೂಡ ಹೀಗೇ ಬರೋದರಿಂದ ಅವತ್ತೇ ಆಸ್ಪತ್ರೆಗೆ ಹೋಗಬೇಕು.
- ತಲೆನೋವಿನ ಜೊತೆ ಬಂದು, ಬೆಳಕು, ಶಬ್ದ ಸಹಿಸೋಕೆ ಆಗದಿದ್ದರೆ: ಮೈಗ್ರೇನ್ ಇರಬಹುದು.

ಕಿವಿಯೊಳಗಿನ ಹರಳು ಜಾಗ ಬಿಟ್ಟರೆ

ಗಿರಗಿರ ಸುತ್ತೋ ತಲೆಸುತ್ತಿಗೆ ಅತಿ ಸಾಮಾನ್ಯ ಕಾರಣ ಇದೇ. ಡಾಕ್ಟರುಗಳು ಬಿಪಿಪಿವಿ ಅಂತ ಕರೆಯುತ್ತಾರೆ. ಹೆಸರಲ್ಲಿ ಬಿಪಿ ಇದ್ದರೂ ರಕ್ತದೊತ್ತಡಕ್ಕೂ ಇದಕ್ಕೂ ಸಂಬಂಧ ಇಲ್ಲ.

ನಮ್ಮ ಕಿವಿ ಕೇಳೋಕೆ ಮಾತ್ರ ಇರೋದಲ್ಲ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಬಳೆಯಂಥ ನಾಳಗಳಿವೆ. ತಲೆ ತಿರುಗಿಸಿದಾಗ ಆ ದ್ರವ ಅಲುಗಿ, ತಲೆ ಯಾವ ಕಡೆ ತಿರುಗಿತು ಅನ್ನೋ ಸುದ್ದಿ ಮೆದುಳಿಗೆ ಹೋಗುತ್ತದೆ. ಪಕ್ಕದ ಇನ್ನೊಂದು ಚೀಲದಲ್ಲಿ ಸುಣ್ಣದ ಪುಡಿಯಂಥ ಸಣ್ಣ ಸಣ್ಣ ಹರಳುಗಳಿರುತ್ತವೆ. ವಯಸ್ಸಾದಾಗ, ತಲೆಗೆ ಪೆಟ್ಟು ಬಿದ್ದಾಗ, ಕೆಲವೊಮ್ಮೆ ಕಾರಣವೇ ಇಲ್ಲದೆ ಈ ಹರಳು ಕಳಚಿ ನಾಳದೊಳಗೆ ಬೀಳುತ್ತವೆ. ಆಮೇಲೆ ತಲೆ ಅಲುಗಿಸಿದಾಗಲೆಲ್ಲ ಹರಳು ಉರುಳಿ ದ್ರವವನ್ನು ತಳ್ಳುತ್ತದೆ. ತಲೆ ನಿಂತರೂ ಇನ್ನೂ ತಿರುಗ್ತಾನೇ ಇದೆ ಅನ್ನೋ ತಪ್ಪು ಸುದ್ದಿ ಮೆದುಳಿಗೆ ಮುಟ್ಟುತ್ತದೆ.

ತಲೆ ಎತ್ತಿದರೆ ಬರುತ್ತೆ ಅಂದ ಕೂಡಲೇ ಕುತ್ತಿಗೆ ಮೂಳೆ ಸವೆದಿದೆ ಅಂತ ಬೆಲ್ಟ್ ಹಾಕಿಕೊಂಡು ತಿಂಗಳುಗಟ್ಟಲೆ ಓಡಾಡೋರಿದ್ದಾರೆ. ಇದನ್ನು ಪತ್ತೆ ಮಾಡೋಕೆ ದುಬಾರಿ ಸ್ಕ್ಯಾನ್ ಬೇಕಿಲ್ಲ. ಡಾಕ್ಟರು ನಿಮ್ಮನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಒಂದು ಕಡೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ ಕಣ್ಣು ನೋಡುತ್ತಾರೆ. ಹರಳು ಇದ್ದರೆ ಕಣ್ಣುಗುಡ್ಡೆ ತಾನಾಗಿ ಒಂದು ರೀತಿಯಲ್ಲಿ ಅದುರುತ್ತದೆ. 1952ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ವಿವರಿಸಿದ ಪರೀಕ್ಷೆ ಇದು, ಇವತ್ತಿಗೂ ಇದೇ ನಡೀತಾ ಇದೆ.

ಚಿಕಿತ್ಸೆಯೂ ಅಷ್ಟೇ ಸರಳ. ಅಮೆರಿಕದ ಇಎನ್‌ಟಿ ಡಾಕ್ಟರ್ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ತಲೆ ಮತ್ತು ಮೈಯನ್ನು ಹಂತ ಹಂತವಾಗಿ ತಿರುಗಿಸುತ್ತಾ, ಪ್ರತಿ ಹಂತದಲ್ಲೂ ಅರ್ಧ ನಿಮಿಷದಿಂದ ಒಂದು ನಿಮಿಷ ನಿಲ್ಲಿಸಿ, ಹರಳನ್ನು ಉರುಳಿಸಿ ಮೊದಲಿದ್ದ ಜಾಗಕ್ಕೆ ಸೇರಿಸುತ್ತಾರೆ. ಬಹಳಷ್ಟು ಜನರಿಗೆ ಒಂದೆರಡು ಸಲಕ್ಕೇ ಗುಣ ಆಗುತ್ತದೆ. ಇಂಜೆಕ್ಷನ್ ಇಲ್ಲ, ಆಪರೇಷನ್ ಇಲ್ಲ. ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡೋರಿದ್ದಾರೆ. ಆದರೆ ಯಾವ ಕಿವಿ, ಯಾವ ನಾಳ ಅಂತ ಗೊತ್ತಾಗದೆ ಮಾಡಿದರೆ ಉಪಯೋಗ ಇಲ್ಲ. ಕುತ್ತಿಗೆ, ಬೆನ್ನುಮೂಳೆ ತೊಂದರೆ ಇರೋರು ಸ್ವಂತವಾಗಿ ಮಾಡಲೇಬಾರದು. ಮೊದಲ ಸಲ ಇಎನ್‌ಟಿ ಡಾಕ್ಟರ್ ಹತ್ತಿರ ಮಾಡಿಸಿಕೊಂಡು, ಮನೆಯಲ್ಲಿ ಹೇಗೆ ಮಾಡಬೇಕು ಅಂತ ಅವರಿಂದಲೇ ಕಲಿತುಕೊಳ್ಳಿ. ಈ ಸಮಸ್ಯೆ ಕೆಲವರಿಗೆ ಮತ್ತೆ ಬರೋದುಂಟು, ಆಗ ಅದು ಉಪಯೋಗಕ್ಕೆ ಬರುತ್ತದೆ.

ಎದ್ದರೆ ಕಣ್ಣು ಕತ್ತಲೆ ಯಾಕೆ?

ಬಿಸಿಲಲ್ಲಿ ಕೆಲಸ ಮಾಡಿ ನೀರು ಸರಿಯಾಗಿ ಕುಡಿಯದವರಿಗೆ, ಭೇದಿ ಆದವರಿಗೆ, ಬಿಪಿ ಅಥವಾ ಪ್ರಾಸ್ಟೇಟ್ ಮಾತ್ರೆ ತಗೊಳ್ಳೋರಿಗೆ ಇದು ಜಾಸ್ತಿ. ಪರೀಕ್ಷೆ ಸುಲಭ. ಐದು ನಿಮಿಷ ಮಲಗಿಸಿ ಬಿಪಿ ನೋಡಬೇಕು, ನಿಂತ ಮೇಲೆ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಕಾರಣ ಸಿಕ್ಕಂತೆ. ಕೂರಿಸಿ ಒಂದೇ ಸಲ ನೋಡಿದರೆ ಇದು ಗೊತ್ತಾಗಲ್ಲ. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಿಂತೂ ಬಿಪಿ ನೋಡಿ ಅಂತ ನೀವೇ ಕೇಳಿ. ಆದರೆ ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದರಿಂದಲೇ ಲಕ್ವ ಹೊಡೆಯೋ ಅಪಾಯ ಇದೆ.

ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯಿಂದ ತಲೆ ಹಗುರ ಆದ ಹಾಗೆ ಆಗೋದು ಹೆಚ್ಚು. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಚಿಕಿತ್ಸೆ ಬೇಕು.

ತಲೆಸುತ್ತಿನ ಮಾತ್ರೆ ಎಷ್ಟು ದಿನ?

ಚೀಟಿ ಇಲ್ಲದೆ ಮಾತ್ರೆ ತಂದು ವರ್ಷಗಟ್ಟಲೆ ನುಂಗೋದು ನಮ್ಮಲ್ಲಿ ಮಾಮೂಲು. ತಲೆಸುತ್ತು, ವಾಂತಿ ತಡೆಯೋ ಈ ಮಾತ್ರೆಗಳು ಮೊದಲ ಎರಡು ಮೂರು ದಿನ ಆರಾಮ ಕೊಡುತ್ತವೆ. ಅವುಗಳಿಂದ ಹರಳು ಜಾಗಕ್ಕೆ ಹೋಗಲ್ಲ. ನರದ ಊತ ಇದ್ದವರಿಗೆ ಮೆದುಳು ತಾನಾಗಿ ಸಮತೋಲನ ಕಲಿಯೋದನ್ನು ಇವು ತಡ ಮಾಡುತ್ತವೆ. ಸಿನ್ನರಿಜಿನ್ ಅನ್ನೋ ಔಷಧಿಯನ್ನು ವಯಸ್ಸಾದವರು ಬಹಳ ಕಾಲ ತಗೊಂಡರೆ ಕೈ ನಡುಕ, ನಡಿಗೆ ನಿಧಾನವಾಗೋದು ಶುರುವಾಗಬಹುದು. ಮನೆಯಲ್ಲಿ ಹಿರಿಯರು ದಿನಾ ನುಂಗ್ತಿರೋ ಮಾತ್ರೆಯ ಹಾಳೆ ತಿರುಗಿಸಿ ಆ ಹೆಸರು ಇದೆಯಾ ನೋಡಿ, ಇದ್ದರೆ ಡಾಕ್ಟರನ್ನು ಕೇಳಿ.

ಡಾಕ್ಟರ್ ಹತ್ತಿರ ಹೋಗುವ ಮುಂಚೆ

ತಲೆಸುತ್ತು ಅಂತ ಒಂದೇ ಮಾತು ಹೇಳಿದರೆ ಸಾಲದು. ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಸುತ್ತಮುತ್ತ ಎಲ್ಲ ತಿರುಗುತ್ತಾ ಅಥವಾ ಕಣ್ಣು ಕತ್ತಲೆ ಬರುತ್ತಾ, ಎಷ್ಟು ಹೊತ್ತು ಇರುತ್ತೆ, ಏನು ಮಾಡಿದಾಗ ಬರುತ್ತೆ, ಕಿವಿ ಕೇಳಿಸೋದರಲ್ಲಿ ವ್ಯತ್ಯಾಸ ಇದೆಯಾ, ಯಾವ್ಯಾವ ಮಾತ್ರೆ ನಡೀತಿದೆ. ಮಾತ್ರೆಗಳ ಹಾಳೆಯನ್ನೇ ತಗೊಂಡು ಹೋದರೆ ಇನ್ನೂ ಒಳ್ಳೆಯದು. ತಲೆ ತಿರುಗೋವಾಗ ಮನೆಯವರು ಮೊಬೈಲಿನಲ್ಲಿ ಕಣ್ಣಿನ ವಿಡಿಯೋ ಮಾಡಿಕೊಂಡರೆ ಅದೂ ಡಾಕ್ಟರಿಗೆ ಸಹಾಯ.

ಕಾರಣ ಗೊತ್ತಾಗಿ ಪೂರ್ತಿ ಗುಣ ಆಗೋವರೆಗೆ ಅಂಗಡಿಯಲ್ಲಿ ಏಣಿ, ಸ್ಟೂಲ್ ಹತ್ತಬೇಡಿ, ದಿನ ಬಳಸೋ ಸಾಮಾನನ್ನು ಎದೆಯೆತ್ತರಕ್ಕೆ ಇಳಿಸಿಕೊಳ್ಳಿ. ತೆಂಗು, ಅಡಿಕೆ ಮರ ಹತ್ತೋರು ಕೆಲಸ ಬಿಟ್ಟರೆ ಕೂಲಿ ಹೋಗುತ್ತೆ ನಿಜ, ಆದರೂ ಹತ್ತಬಾರದು. ರಾತ್ರಿ ಎದ್ದು ಹೊರಗೆ ಹೋಗೋ ಹಿರಿಯರಿಗೆ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯಲಿ. ಹಾಸಿಗೆ ಬಿಡುವ ಮುಂಚೆ ಎರಡು ನಿಮಿಷ ಕೂತು, ಆಮೇಲೆ ಎದ್ದು ಹೋಗಲಿ.