ಬೀದಿಯಲ್ಲಿ ಸುಮ್ಮನೆ ನಿಂತರೂ ತಪ್ಪೇ?

ಪ್ರಶ್ನೆ: ಗ್ಯಾಂಗಿನವರು ಬೀದಿಯಲ್ಲಿ ಗುಂಪುಗೂಡದಂತೆ ತಡೆಯುವ ಕಾನೂನಿಗೆ ವಿರೋಧವೇಕೆ?

ಉತ್ತರ: ಅಮೆರಿಕದ ಶಿಕಾಗೋ ನಗರ 1992ರಲ್ಲಿ ಇಂಥದ್ದೇ ಕಾನೂನು ತಂದಿತು. ಗುಂಪಿನಲ್ಲಿ ಒಬ್ಬ ಗ್ಯಾಂಗಿನವನಿದ್ದಾನೆಂದು ಪೊಲೀಸರಿಗೆ ಅನ್ನಿಸಿದರೆ, ‘ಕಾರಣ ಕಾಣದೆ’ ನಿಂತವರೆಲ್ಲ ಚದುರಬೇಕು, ಇಲ್ಲವಾದರೆ ಬಂಧನ. ಮೂರು ವರ್ಷಗಳಲ್ಲಿ ಸಿಕ್ಕಿಬಿದ್ದವರು 42,000ಕ್ಕೂ ಹೆಚ್ಚು!

ತೊಡಕಿದ್ದದ್ದು ಆ ‘ಕಾರಣ’ದಲ್ಲೇ. ಹರಟೆಗೆ ನಿಂತವನ ಕಾರಣ ಹಣೆಯ ಮೇಲೆ ಬರೆದಿರುತ್ತದೆಯೇ?

1999ರಲ್ಲಿ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಆ ಕಾನೂನನ್ನು ಅಸಿಂಧುಗೊಳಿಸಿತು. ನ್ಯಾಯಮೂರ್ತಿ ಸ್ಟೀವನ್ಸ್ ಕೊಟ್ಟ ಉದಾಹರಣೆ ಸೊಗಸಾಗಿದೆ: ರಿಗ್ಲಿ ಫೀಲ್ಡ್ ಮೈದಾನದ ಬಳಿ ಗ್ಯಾಂಗಿನವನೊಬ್ಬ ತನ್ನ ಅಪ್ಪನೊಂದಿಗೆ ನಿಂತಿದ್ದಾನೆ. ಯಾರನ್ನಾದರೂ ದೋಚಲೋ, ಬೇಸ್‌ಬಾಲ್ ತಾರೆ ಸ್ಯಾಮಿ ಸೋಸಾ ಹೊರಬರುವುದನ್ನು ಕಣ್ತುಂಬಿಕೊಳ್ಳಲೋ? ಆ ಕಾನೂನಿಗೆ ಎರಡೂ ಒಂದೇ.

ನಗರಸಭೆ ಸುಮ್ಮನಾಗಲಿಲ್ಲ; 2000ದಲ್ಲಿ ಪದಗಳನ್ನು ಬಿಗಿಗೊಳಿಸಿ ಹೊಸ ಕಾನೂನು ತಂದಿತು.